ಅಡಗುತಾಣಕ್ಕೊಂದು ಮನೆ

ಇಬ್ಬರು ಸೂಪರ್‌ಹೀರೋಗಳನ್ನು ಒಂದೇ ಪುಸ್ತಕದಲ್ಲಿ ಕೂರಿಸುವುದೆಂದರೆ ಎರಡು ಕಡೆಯ ಬೀಗರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ ಹಾಗೆ. ಯಾರ ಎಲೆಗೆ ಮೊದಲು ಬಡಿಸಿದರು, ಯಾರ ಹೋಳಿಗೆ ಚಿಕ್ಕದಾಯಿತು ಎಂದು ನೋಡುವುದಕ್ಕೆಂದೇ ಎರಡೂ ಕಡೆ ಜನ ನಿಂತಿರುತ್ತಾರೆ. ಅಂಥದ್ದೊಂದು ಕಾಮಿಕ್ಸ್ ಪುಸ್ತಕಕ್ಕೆ ಇಂಕ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಲಾವಿದರು ಪೆನ್ಸಿಲ್‌ನಲ್ಲಿ ಬರೆದ ಚಿತ್ರದ ಮೇಲೆ ಬ್ರಷ್ಷು ಮತ್ತು ನಿಬ್ಬಿನಿಂದ ಕಪ್ಪು ಶಾಯಿಯ ಗೆರೆ ಎಳೆಯುವವನು ಇಂಕರ್. ಓದುಗರು ಕತೆಯನ್ನು ಹೊಗಳುತ್ತಾರೆ, ಬಣ್ಣವನ್ನು ಹೊಗಳುತ್ತಾರೆ. ಇಂಕರ್ ಎಂಬುವವನೊಬ್ಬ ಇದ್ದಾನೆ ಎನ್ನುವುದು ಗೆರೆ ಕೆಟ್ಟಾಗ ಮಾತ್ರ ನೆನಪಾಗುತ್ತದೆ. ದೂರುತ್ತಿಲ್ಲ, ಸುಮ್ಮನೆ ಹೇಳಿದೆ.

ಒಬ್ಬ ಹೀರೋ ಉಕ್ಕುರಾಯ. ಹಲಸೂರಿನ ಹಳೆಯ ಪ್ರಕಾಶನವೊಂದರ ಆಸ್ತಿ. ಗಿರಿಜಾ ಮೀಸೆ, ಬಾಗಿಲಿನಷ್ಟು ಅಗಲದ ಎದೆ, ಗೋಡೆ ಕಂಡರೆ ಗುದ್ದುವ ಸ್ವಭಾವ. ಇನ್ನೊಬ್ಬಳು ಮಿಂಚುಳ್ಳಿ. ಇಂದಿರಾನಗರದ ಹೊಸ ಕಂಪನಿಯೊಂದು ಹುಟ್ಟಿಸಿದ ಹುಡುಗಿ. ನೀಲಿ ರೆಕ್ಕೆ, ಮಾತು ಕಡಿಮೆ, ತಲೆ ಚುರುಕು. ಎರಡೂ ಕಡೆಯವರು ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದರು. ಇಬ್ಬರೂ ಒಂದೇ ಚೌಕದಲ್ಲಿ ಬಂದರೆ ತಲೆಗಳು ಒಂದೇ ಮಟ್ಟದಲ್ಲಿರಬೇಕು. ಒಬ್ಬರಿಗೆ ಪುಟದ ತುಂಬ ಚಿತ್ರ ಕೊಟ್ಟರೆ ಇನ್ನೊಬ್ಬರಿಗೂ ಕೊಡಬೇಕು. ಕೊನೆಯ ಏಟು ಇಬ್ಬರೂ ಸೇರಿ ಹೊಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಉಕ್ಕುರಾಯನನ್ನು ಅವನ ಕಲಾವಿದರೇ ಬರೆಯಬೇಕು, ಮಿಂಚುಳ್ಳಿಯನ್ನು ಅವಳ ಕಲಾವಿದೆಯೇ ಬರೆಯಬೇಕು. ಬೇರೆಯವರ ಕೈ ತಾಗಕೂಡದು.

ಹಾಗಾಗಿ ಪ್ರತಿಯೊಂದು ಪುಟವೂ ಬೆಂಗಳೂರಿನ ಪೂರ್ವಭಾಗವನ್ನೆಲ್ಲ ಸುತ್ತಿ ಬರುತ್ತಿತ್ತು. ಉಕ್ಕುರಾಯನ ಕಲಾವಿದರು ಶಿವಾಜಿನಗರದ ಗಲ್ಲಿಯೊಂದರಲ್ಲಿ ಕೂತು ಮೊದಲು ಹಿನ್ನೆಲೆಯನ್ನೂ ತಮ್ಮ ಹೀರೋವನ್ನೂ ಬರೆಯುವರು. ಹುಡುಗಿಗೆ ಬಿಟ್ಟ ಖಾಲಿ ಜಾಗದ ಸಮೇತ ಪುಟ ಇಂದಿರಾನಗರಕ್ಕೆ ಹೋಗುವುದು. ಅಲ್ಲಿ ಮಿಂಚುಳ್ಳಿ ಹಾರಿ ಬಂದು ಕೂತ ಮೇಲೆ ಕೆ.ಆರ್. ಪುರದ ನನ್ನ ರೂಮಿಗೆ. ನಾನು ಇಂಕ್ ಮಾಡಿ ಮತ್ತೆ ಶಿವಾಜಿನಗರಕ್ಕೆ, ಅಲ್ಲಿಂದ ಹಲಸೂರಿನ ಸಂಪಾದಕಿಯ ಮೇಜಿಗೆ. ಎರಡು ಕೈ ಬರೆದದ್ದು ಒಂದೇ ಕೈ ಬರೆದ ಹಾಗೆ ಕಾಣಬೇಕು, ಆ ಹೊಣೆ ನನ್ನದು. ಮೆಟ್ರೋದಲ್ಲಿ ಪುಟಗಳ ಚೀಲವನ್ನು ಎದೆಗವಚಿಕೊಂಡು ನಿಲ್ಲುತ್ತಿದ್ದ ನನ್ನನ್ನು ಕಂಡು ಜನ ಎಕ್ಸ್‌ರೇ ತೆಗೆಸಿಕೊಂಡು ಬಂದ ರೋಗಿ ಎಂದುಕೊಂಡು ಸೀಟು ಬಿಟ್ಟುಕೊಟ್ಟದ್ದೂ ಉಂಟು.

ಕತೆ ಹೀಗಿತ್ತು. ಬೂದಿ ದಳ ಎಂಬ ಭಯೋತ್ಪಾದಕರ ಗುಂಪು ರೋಗಾಣು ತುಂಬಿದ ಗಾಜಿನ ನಳಿಗೆಗಳನ್ನು ನಗರಕ್ಕೆ ತರುತ್ತದೆ. ನೀರಿನ ಟ್ಯಾಂಕರುಗಳಲ್ಲಿ ಅದನ್ನು ಬೆರೆಸುವುದು ಅವರ ಯೋಜನೆ. ಅಡಗುತಾಣ ಒಂದು ಕಿಕ್ಕಿರಿದ ಬಡಾವಣೆಯ ಮೇಲಿನ ಮಹಡಿ. ಉಕ್ಕುರಾಯ ಅಲ್ಲಿ ಗುದ್ದುವ ಹಾಗಿಲ್ಲ. ಗುದ್ದಿದರೆ ನಳಿಗೆ ಒಡೆಯುತ್ತದೆ, ಕೆಳಗಿನ ಮನೆಗಳಲ್ಲಿ ಜನ ಮಲಗಿದ್ದಾರೆ. ಕೈ ಕಟ್ಟಿ ಹಾಕಿದಂತಾದ ಉಕ್ಕುರಾಯ ಏನು ಮಾಡುತ್ತಾನೆ ಎನ್ನುವುದೇ ಕತೆಯ ಜೀವಾಳ.

ಭಯೋತ್ಪಾದಕರ ವಿಷಯ ಬಂದಾಗ ಸಂಪಾದಕಿ ಬಹಳ ಎಚ್ಚರ ವಹಿಸಿದ್ದರು. ಗಡ್ಡ ಬೇಡ, ಟೋಪಿ ಬೇಡ, ದೇಶದ ಹೆಸರು ಬೇಡ, ಎಲ್ಲರಿಗೂ ಬೂದು ಬಣ್ಣದ ಮುಖವಾಡ ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಯಿತು. ನಮಗೆಲ್ಲ ನಮ್ಮ ಬಗ್ಗೆಯೇ ಒಂದಿಷ್ಟು ಹೆಮ್ಮೆಯಾಯಿತು. ಆ ಖುಷಿಯಲ್ಲಿ ಮಸಾಲೆ ದೋಸೆ ತರಿಸಿ ತಿಂದೆವು.

ಉಕ್ಕುರಾಯನ ಕಲಾವಿದರನ್ನು ಎಲ್ಲರೂ ಭಾಯ್ ಎಂದೇ ಕರೆಯುವುದು. ಅವರು ಫೋಟೋ ನೋಡಿ ಬರೆಯುವವರಲ್ಲ. ಮೇಜು ಮಹಡಿಯ ಮೇಲಿನ ಕಿಟಕಿಗೆ ತಾಗಿಕೊಂಡಿದೆ. ಕಿಟಕಿಯಿಂದ ಕಾಣುವ ಗಲ್ಲಿಯೇ ಅವರ ಪ್ರಪಂಚದ ಎಲ್ಲ ಊರು. ಬೋರ್ಡುಗಳನ್ನು ಬದಲಿಸಿದರೆ ಅದು ದೆಹಲಿ. ಒಂದು ಟಾಂಗಾ ನಿಲ್ಲಿಸಿದರೆ ಲಕ್ನೋ. ಖರ್ಜೂರದ ಮರ ನೆಟ್ಟರೆ ಬಾಗ್ದಾದ್. ಉಕ್ಕುರಾಯ ಜಗತ್ತನ್ನೆಲ್ಲ ಸುತ್ತಿದ್ದಾನೆ ಎಂದು ಓದುಗರು ನಂಬಿದ್ದಾರೆ, ಪಾಪ ಅವನು ಶಿವಾಜಿನಗರ ಬಿಟ್ಟು ಹೋದವನೇ ಅಲ್ಲ.

ಇದು ಆ ಗಲ್ಲಿಯ ಜನರಿಗೆಲ್ಲ ಗೊತ್ತು. ಇಂಕ್ ಆದ ಪುಟಗಳನ್ನು ಹಲಸೂರಿಗೆ ಕಳಿಸುವ ಮೊದಲು ಕೆಳಗಿನ ಚಹಾ ಅಂಗಡಿಯಲ್ಲಿ ಬಿಚ್ಚಿ ತೋರಿಸುವುದು ಅಲ್ಲಿನ ರೂಢಿ. ದರ್ಜಿ ಬರುತ್ತಾರೆ, ಪಾತ್ರೆ ಅಂಗಡಿಯವರು ಬರುತ್ತಾರೆ, ಗುಂಪಿನ ಚಿತ್ರಗಳಲ್ಲಿ ತಮ್ಮ ಮುಖ ಹುಡುಕಿಕೊಳ್ಳುತ್ತಾರೆ. ಈ ಸಲ ನನ್ನನ್ನು ದಪ್ಪ ಮಾಡಿಬಿಟ್ಟಿದ್ದೀರಿ ಎಂದು ತಕರಾರು ತೆಗೆಯುತ್ತಾರೆ. ಅಂಗಡಿಯ ಯಜಮಾನರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಅವರು ಆವರೆಗೆ ಮಂತ್ರಿಯಾಗಿದ್ದರು, ಹಡಗಿನ ಕ್ಯಾಪ್ಟನ್ ಆಗಿದ್ದರು, ಒಮ್ಮೆ ಬಾಗ್ದಾದಿನ ರತ್ನವ್ಯಾಪಾರಿಯೂ ಆಗಿದ್ದರು.

ಅಡಗುತಾಣದ ಅಧ್ಯಾಯ ನನ್ನ ರೂಮಿಗೆ ಬಂದಾಗ ಭಾಯ್ ಕೈಗೆ ಮನಸ್ಸಿನಲ್ಲೇ ಮುತ್ತು ಕೊಟ್ಟೆ. ಕರೆಂಟು ವೈರುಗಳ ಸಿಕ್ಕು, ಪಾರಿವಾಳದ ಗೂಡು, ಸವೆದ ಮೆಟ್ಟಿಲುಗಳ ನಡುವಿನ ಗುಳಿ, ಎಲ್ಲವೂ ಪೆನ್ಸಿಲ್‌ನಲ್ಲೇ ಉಸಿರಾಡುತ್ತಿತ್ತು. ಸ್ಕ್ರಿಪ್ಟಿನಲ್ಲಿ ಇದ್ದದ್ದು ‘ಕಿಕ್ಕಿರಿದ ಹಳೆ ಬಡಾವಣೆ, ಇಕ್ಕಟ್ಟಾದ ಮೆಟ್ಟಿಲು’ ಎಂದಷ್ಟೇ. ಭಾಯ್ ಎಂದಿನಂತೆ ಕಿಟಕಿಯಾಚೆ ನೋಡಿ ಬರೆದಿದ್ದರು. ಈ ಸಲ ಕತೆ ನಡೆಯುವುದು ಬೆಂಗಳೂರಿನಲ್ಲೇ ಆದ್ದರಿಂದ ಬೋರ್ಡು ಬದಲಿಸುವ ಕೆಲಸವೂ ಇರಲಿಲ್ಲ. ಉರ್ದು ಬೋರ್ಡು, ದೂರದಲ್ಲೊಂದು ಮಿನಾರು, ಕೆಳಗೆ ಚಾಚಾನ ಅಂಗಡಿ, ಮೇಲೆ ಬೂದಿ ದಳ. ನೆರಳಿರುವ ಕಡೆ ಬ್ರಷ್ಷು ತುಂಬ ಶಾಯಿ ಅದ್ದಿ ಗಟ್ಟಿ ಕಪ್ಪು ತುಂಬಿದೆ. ವೈರುಗಳನ್ನು ಸಣ್ಣ ನಿಬ್ಬಿನಲ್ಲಿ ಒಂದೊಂದಾಗಿ ಎಳೆದೆ. ಫೋನಿಗೆ ಕಳಿಸಿದ ಫೋಟೋಗಳಲ್ಲಿ ಸ್ಕ್ರಿಪ್ಟ್ ಬರೆದವನು ನೋಡಿದ, ಸಂಪಾದಕಿ ನೋಡಿದರು, ಕಲಾವಿದೆ ನೋಡಿದಳು, ನಾನು ನೋಡಿದೆ. ಎಲ್ಲರಿಗೂ ಕಂಡದ್ದು ಚೆಂದದ ಚಿತ್ರ.

ಪುಟಗಳನ್ನು ಚಹಾ ಅಂಗಡಿಯಲ್ಲಿ ಬಿಚ್ಚಿದ್ದು ಸಂಜೆಯ ಅಸರ್ ನಮಾಜು ಮುಗಿದ ಹೊತ್ತಿಗೆ. ಚಾಚಾ ಕೈ ಒರೆಸಿಕೊಂಡು ಬಂದರು. ಮೊದಲ ಪುಟದಲ್ಲೇ ತಮ್ಮ ಅಂಗಡಿಯನ್ನು ಗುರುತಿಸಿ ಖುಷಿಯಾದರು. ಬಾಯ್ಲರಿನ ಮೇಲಿನ ಸೊಟ್ಟ ಮುಚ್ಚಳವನ್ನೂ ಬಿಟ್ಟಿಲ್ಲ ನೋಡಿ ಎಂದು ದರ್ಜಿಯನ್ನು ಕೂಗಿ ಕರೆದರು. ಮುಂದಿನ ಪುಟದಲ್ಲಿ ಕಿಟಕಿಯೊಳಗೆ ಮುಖವಾಡದವರು ನಳಿಗೆಗಳನ್ನಿಟ್ಟ ಐಸ್ ಪೆಟ್ಟಿಗೆಯ ಸುತ್ತ ಕೂತಿದ್ದರು. ಮೇಲೆ ಯಾರು ಇವರು ಎಂದು ಚಾಚಾ ದಖನಿ ಉರ್ದುವಿನಲ್ಲಿ ಕೇಳಿದರು. ಟೆರರಿಸ್ಟುಗಳು ಎಂದು ಭಾಯ್ ಹೇಳಲು ಹೊರಟವರು ಅರ್ಧಕ್ಕೆ ನಿಂತುಬಿಟ್ಟರು. ಅವರ ಕಣ್ಣು ಚಿತ್ರದಿಂದ ಎದ್ದು ತಮ್ಮದೇ ಕಿಟಕಿಗೆ ಹೋಗಿ ವಾಪಸು ಬಂದದ್ದನ್ನು ನಾನು ನೋಡಿದೆ.

ಅದರ ಮುಂದಿನ ಪುಟದಲ್ಲಿ ಗಲ್ಲಿಯ ಬಾಯಿಗೆ ತಗಡು ಬಡಿದು ಬಂದ್ ಮಾಡಿದ ಚಿತ್ರವಿತ್ತು. ರೋಗಾಣು ಹರಡದಂತೆ ಇಡೀ ಬಡಾವಣೆಯನ್ನು ಮುಚ್ಚುವ ಸನ್ನಿವೇಶ. ಬಿಳಿ ಸೂಟಿನ ಜನ, ಬೊಂಬುಗಳು, ಆಚೆ ನಿಂತ ಹೀರೋಗಳು. ಚಾಚಾ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪುಟಕ್ಕೆ ಚಹಾ ತಾಗದಂತೆ ಲೋಟವನ್ನು ಆಚೆ ಸರಿಸಿದರು. ಭಾಯ್ ಮುಖ ನೋಡಲು ಅವರಿಗೆ ಆಗಲಿಲ್ಲವೇನೋ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

“ನಂದು ಅಂಗ್ಡಿ ತೆಗ್ದುಬಿಡಿ ಇದ್ರಿಂದ. ಲಾಕ್‌ಡೌನ್ ಟೈಮಲ್ಲಿ ನಿಜವಾಗ್ಲೂ ತಗಡು ಹೊಡೆದಿದ್ರಲ್ಲ, ಟೀವಿಯವ್ರು ಇಲ್ಲೇ ನಿಂತಿದ್ರು. ಆಫೀಸ್ ಜನ ವಾಪಸ್ ಚಾಯ್‌ಗೆ ಬರೋಕೆ ಎಷ್ಟ್ ಟೈಮ್ ಆಯ್ತು, ನಿಮ್ಗೆ ಗೊತ್ತಿಲ್ಲ.”

ಬೈದಿದ್ದರೆ ಒಳ್ಳೆಯದಿತ್ತು. ಚಾಚಾ ಒಳಗೆ ಹೋಗಿ ನಮಗೆ ಇನ್ನೊಂದು ಸಲ ಚಹಾ ಕಳಿಸಿದರು, ಬಿಸ್ಕತ್ತಿನ ಸಮೇತ. ಉಳಿದವರೂ ಮುಖ ಹುಡುಕಿಕೊಳ್ಳುವುದನ್ನು ಬಿಟ್ಟು ಒಬ್ಬೊಬ್ಬರೇ ಎದ್ದು ಹೋದರು. ಭಾಯ್ ಪುಟಗಳನ್ನು ಚೀಲಕ್ಕೆ ಸೇರಿಸಿ ನನ್ನನ್ನು ರಸೆಲ್ ಮಾರ್ಕೆಟ್ ಕಡೆ ನಡೆಸಿಕೊಂಡು ಹೋದರು. ಹೂವಿನವರ ಸಾಲು ದಾಟಿದ ಮೇಲೆ ಬಾಯಿ ಬಿಟ್ಟರು.

“ಬುಕ್ಕು ಬರುತ್ತೆ, ಹೋಗುತ್ತೆ ಗುರು. ನಾನು ದಿನಾ ಬೆಳಗ್ಗೆ ಇದೇ ಮೆಟ್ಲು ಇಳೀಬೇಕು, ಇವ್ರ್ ಮುಖಾನೇ ನೋಡ್ಬೇಕು.”

ಅಷ್ಟು ವರ್ಷ ಅವರ ಬಗ್ಗೆ ಆ ಗಲ್ಲಿಗೆ ಇದ್ದ ಪ್ರೀತಿಯೆಲ್ಲ ಈ ಒಂದು ಅಧ್ಯಾಯದಲ್ಲಿ ಕೊಚ್ಚಿಹೋಗುವುದರಲ್ಲಿತ್ತು. ಇನ್ನು ಮೇಲೆ ನಾವು ಮಾಡಬೇಕಾದದ್ದು ಏನೆಂದು ಇಬ್ಬರಿಗೂ ಸ್ಪಷ್ಟವಾಗಿತ್ತು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಮೊದಲು ಸುಲಭದ ದಾರಿ ಹಿಡಿದೆವು. ಬಿಳಿ ಶಾಯಿ ತಗೊಂಡು ಬೋರ್ಡುಗಳ ಮೇಲಿನ ಬರಹ ಅಳಿಸಿದೆ. ಮಿನಾರಿನ ಮೇಲೆ ಮೋಡ ಎಳೆದೆ. ಚಾಚಾನ ಅಂಗಡಿಗೆ ಷಟರ್ ಇಳಿಸಿದೆ. ಒಣಗಿದ ಮೇಲೆ ದೂರ ಇಟ್ಟು ನೋಡಿದರೆ ಇನ್ನೂ ಕೆಟ್ಟದಾಗಿತ್ತು. ಖಾಲಿ ಬೋರ್ಡಿನ, ಮುಚ್ಚಿದ ಬಾಗಿಲಿನ ಆ ಗಲ್ಲಿ ಮೊದಲಿಗಿಂತ ಹೆಚ್ಚು ಗುಮಾನಿ ಹುಟ್ಟಿಸುವಂತಿತ್ತು. ಮೆಟ್ಟಿಲು ಅದೇ, ಮಹಡಿಯ ಕಟಕಟೆ ಅದೇ. ಗಲ್ಲಿಯಲ್ಲಿ ಹುಟ್ಟಿದ ಕೂಸೂ ಗುರುತಿಸುವ ಹಾಗಿತ್ತು.

ಹಲಸೂರಿನಲ್ಲಿ ಸಭೆ ಸೇರಿತು. ಇಂದಿರಾನಗರದ ಕಂಪನಿಯ ಮ್ಯಾನೇಜರ್ ಒಳ್ಳೆಯವನೇ. ಮುಖವಾಡ ಇದೆ, ಧರ್ಮ ಇಲ್ಲ, ದೇಶ ಇಲ್ಲ, ಇನ್ನೇನು ತೊಂದರೆ ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದ. ಮುಖ ಮುಚ್ಚಿ ಮನೆ ತೋರಿಸಿದ್ದೇವೆ, ಅದೇ ತೊಂದರೆ ಎಂದೆ. ಸಂಪಾದಕಿ ಪೆನ್ನಿನ ಕ್ಯಾಪು ಹಾಕುತ್ತ ತೆಗೆಯುತ್ತ ಕೂತರು. ಅಡಗುತಾಣವನ್ನು ಕಾಡಿಗೋ ಪಾಳುಬಿದ್ದ ಕಾರ್ಖಾನೆಗೋ ಕಳಿಸಿದರೆ ಹೇಗೆ ಎಂದರು. ಆಗ ಉಕ್ಕುರಾಯ ಧಾರಾಳವಾಗಿ ಗುದ್ದಬಹುದು, ಗುದ್ದಿದರೆ ಕತೆಯೇ ಮುಗಿಯಿತು ಎಂದು ಸ್ಕ್ರಿಪ್ಟಿನವನು ತಲೆಯ ಮೇಲೆ ಕೈ ಹೊತ್ತ. ಕೊನೆಗೆ ಸಂಪಾದಕಿ, ಭಾಯ್ ಒಂದು ಹೊಸ ಬಡಾವಣೆಯನ್ನೇ ಕಲ್ಪಿಸಿ ಬರೆಯಲಿ, ಪ್ರೆಸ್ಸಿಗೆ ಕೊಟ್ಟ ಮಾತು ಮಾತ್ರ ತಪ್ಪುವ ಹಾಗಿಲ್ಲ ಎಂದರು.

ಭಾಯ್ ಕಿಟಕಿಗೆ ಪರದೆ ಎಳೆದು ಕೂತು ಬರೆದರು. ಹೋಗಿ ನೋಡಿದೆ. ಗೆರೆಯಲ್ಲಿ ತಪ್ಪಿರಲಿಲ್ಲ, ಆದರೆ ಆ ಮನೆಗಳಲ್ಲಿ ಯಾರೂ ವಾಸ ಮಾಡುವ ಹಾಗಿರಲಿಲ್ಲ. ಮೆಟ್ಟಿಲು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತಿತ್ತು. ಗೋಡೆಗೆ ಕಿಟಕಿ ಇತ್ತು, ಕಿಟಕಿಯ ಹಿಂದೆ ಅಡುಗೆಮನೆ ಇರಲಿಲ್ಲ. ಹೀಗಾದರೆ ಉಕ್ಕುರಾಯ ಯಾರನ್ನು ಉಳಿಸಲು ಕೈ ಕಟ್ಟಿಕೊಂಡು ನಿಲ್ಲಬೇಕು? ಭಾಯ್‌ಗೆ ನಾನು ಹೇಳಬೇಕಾಗಿ ಬರಲಿಲ್ಲ. ಅವರೇ ಆ ಹಾಳೆಗಳನ್ನು ತಿರುವಿ ಹಾಕಿ ಅದರ ಮೇಲೆ ಚಹಾ ಲೋಟ ಇಟ್ಟರು.

ಇಲ್ಲಿ ನನ್ನ ರೂಮಿನ ವಿಷಯ ಸ್ವಲ್ಪ ಹೇಳಬೇಕು. ನಾನು ರಾಯಚೂರು ಕಡೆಯವನು. ಕೆ.ಆರ್. ಪುರ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ವಠಾರ. ಬಾಡಿಗೆಗಿರುವವರಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ. ಗಾರೆ ಕೆಲಸದವರು, ಸೆಕ್ಯುರಿಟಿಯವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಕೆಳಗಿನ ಮನೆಯಲ್ಲಿ ಓನರಮ್ಮ. ಜ್ವರ ಬಂದಾಗ ಗಂಜಿ ಕಳಿಸಿಕೊಟ್ಟ ತಾಯಿ ಆಕೆ. ರೂಮು ಕೇಳಲು ಹೋದ ದಿನ ಊರು ಯಾವುದು, ಕೆಲಸ ಏನು ಎಂದು ಕೇಳುವುದಕ್ಕೂ ಮೊದಲು ಆಕೆ ಕೇಳಿದ್ದು, ಯಾವ ಜನ ನೀವು ಎಂದು. ಹೇಳಿದೆ, ಬೀಗದ ಕೈ ಸಿಕ್ಕಿತು. ಆಗ ಅದರ ಬಗ್ಗೆ ಏನೂ ಅನ್ನಿಸಿರಲಿಲ್ಲ.

ಭಾಯ್ ಮನೆಯಿಂದ ಬಂದ ದಿನ ತಾರಸಿಯ ನಲ್ಲಿಯಲ್ಲಿ ಬ್ರಷ್ಷು ತೊಳೆಯುತ್ತಿದ್ದೆ. ಕೆಳಗೆ ನೀರಿನ ಟ್ಯಾಂಕರ್ ಬಂತು. ನಮ್ಮ ರಸ್ತೆಯಲ್ಲಿ ಅದು ತಿರುಗಬೇಕಾದರೆ ಬೈಕುಗಳನ್ನೆಲ್ಲ ಎತ್ತಿ ಇಡಬೇಕು. ದಪ್ಪ ಪೈಪು ಕಾಂಪೌಂಡು ದಾಟಿ ನೆಲದಡಿಯ ಸಂಪಿನೊಳಗೆ ಇಳಿಯಿತು; ಹೆಂಗಸರು ಬಟ್ಟೆಯ ಹಗ್ಗ ಬಿಚ್ಚಿ ದಾರಿ ಮಾಡಿಕೊಟ್ಟರು. ಒಬ್ಬರ ಹೆಗಲು ತಾಗದೆ ಇನ್ನೊಬ್ಬರು ಹತ್ತಲಾಗದ ಮೆಟ್ಟಿಲು, ಸಾಲಾಗಿ ಒಂದೊಂದೇ ಕೋಣೆ, ಮೇಲಿನ ಮಹಡಿಯಲ್ಲಿ ಹಿಂದುಗಡೆ ಖಾಲಿ ಬಿದ್ದ ಒಂದು ರೂಮು. ಗೇಟಿಗೆ ನೇತಾಡುವ ಟು-ಲೆಟ್ ಬೋರ್ಡು. ಕತೆಗೆ ಬೇಕಾದದ್ದೆಲ್ಲ ನನ್ನ ಕಣ್ಣೆದುರು ಇತ್ತು, ಟ್ಯಾಂಕರಿನ ಸಮೇತ. ಒದ್ದೆ ಕೈಯಲ್ಲೇ ಫೋನ್ ಮಾಡಿದೆ.

“ಭಾಯ್, ಆ ಕಳ್ಳರನ್ನ ನಮ್ಮ ವಠಾರಕ್ಕ ಕರ್ಕೊಂಡು ಬರ್ರಿ.”

ಭಾಯ್ ಕೇಳಿದ ಮೊದಲ ಮಾತು, ನಿಮ್ಮ ಓನರನ್ನು ಕೇಳಿದಿರಾ ಎಂದು. ಚಾಚಾನ ಅಂಗಡಿಯಲ್ಲಿ ಕಲಿತ ಪಾಠ ಅದು. ಕೇಳದೆ ಇನ್ನು ಯಾರ ಮೆಟ್ಟಿಲನ್ನೂ ಬರೆಯುವುದಿಲ್ಲ ಎಂದರು.

ಓನರಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ನಾಲ್ಕು ಕಾಯಿ ಸುಲಿಯುತ್ತ ವಿಷಯ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ. ನಿಮ್ಮ ಮನೆ ಪುಸ್ತಕದಲ್ಲಿ ಬರುತ್ತದೆ, ಆದರೆ ಅದರಲ್ಲಿ ಇರುವವರು ಭಯೋತ್ಪಾದಕರು, ಮೇಲಿನ ಖಾಲಿ ರೂಮಿನಲ್ಲಿ ರೋಗದ ಸೀಸೆ ಇಟ್ಟುಕೊಂಡಿರುತ್ತಾರೆ ಎಂದೆ. ಆಕೆ ಬೇಡ ಎನ್ನುತ್ತಾರೆ ಎಂದೇ ಎಣಿಸಿದ್ದೆ.

“ಕೊನೇಗೆ ಸಿಕ್ಕಾಕೊಂತಾರಾ?” ಎಂದು ಕೇಳಿದರು.

ಸಿಕ್ಕಿಹಾಕಿಕೊಳ್ಳುತ್ತಾರೆ ಎಂದೆ.

“ಹಂಗಾದ್ರೆ ಬರ್ಕೊಳ್ಳಿ. ಮುಂದ್ಗಡೆ ಗೋಡೆ ಪೇಂಟ್ ಹೋಗೈತೆ, ಅದನ್ನ ಮಾತ್ರ ಹೊಸದಾಗಿ ಹೊಡೆದಂಗೆ ತೋರಿಸ್ಬೇಕು.”

ಅಷ್ಟೇ. ಚಾಚಾ ಒಂದು ಅಂಗಡಿಯ ಚಿತ್ರವನ್ನು ಪುಸ್ತಕದಿಂದ ತೆಗೆಸಲು ಪಟ್ಟ ಸಂಕಟ ನೆನಪಾಯಿತು. ಇಲ್ಲಿ ಇಡೀ ಮನೆಗೇ ಒಪ್ಪಿಗೆ ಸಿಕ್ಕಿತ್ತು, ಬಣ್ಣದ ಷರತ್ತಿನ ಮೇಲೆ.

ಸಂಪಾದಕಿಗೆ ಫೋನಿನಲ್ಲಿ ಹೇಳಿದೆ: ಹಳೆಯ ಪುಟಗಳನ್ನು ಇನ್ನು ನಾನು ಮುಟ್ಟುವುದಿಲ್ಲ, ಹೊಸ ಪುಟಗಳನ್ನು ಪ್ರೆಸ್ಸಿನ ಹೊತ್ತಿಗೆ ಕೊಡುತ್ತೇವೆ. ಆಕೆ, ಹಾಗಾದರೆ ಮಾತಾಡುತ್ತ ಕೂರಬೇಡಿ ಎಂದರು. ಆ ಮಾತಿಗೆ ನಾನು ಈಗಲೂ ಋಣಿ.

ಭಾಯ್ ದಿನಾ ಬೆಳಗ್ಗೆ ಬಂದು ತಾರಸಿಯ ಮೇಲೆ ಹಲಗೆ ಇಟ್ಟುಕೊಂಡು ಕೂರತೊಡಗಿದರು. ಮೊದಲ ದಿನ ಮೆಟ್ಟಿಲನ್ನು ಸುಮ್ಮನೆ ಹತ್ತಿ ಇಳಿದರು, ಕೈಯಲ್ಲಿ ಗೋಡೆ ಮುಟ್ಟುತ್ತ. ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ತಲೆ ತಗ್ಗಿಸಬೇಕು ಎಂದು ನನ್ನನ್ನು ಕೇಳಿ ಕೇಳಿ ತಿಳಿದುಕೊಂಡರು. ಓನರಮ್ಮ ಖಾಲಿ ರೂಮಿನ ಬೀಗ ತೆಗೆದುಕೊಟ್ಟರು. ಹೊತ್ತಿಗೆ ಸರಿಯಾಗಿ ಸ್ಟೀಲ್ ಲೋಟದಲ್ಲಿ ಕಾಫಿ ಕಳಿಸುತ್ತ, ‘ಆರ್ಟಿಸ್ಟ್ ಸಾರ್’ ಎಂದು ಕರೆಯತೊಡಗಿದರು. ಹೆಸರು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಭಾನುವಾರ ವಠಾರದ ಗಂಡಸರೆಲ್ಲ ಸ್ನಾನ ಮಾಡಿ ಬಂದು ಗುಂಪಿನ ಚಿತ್ರಕ್ಕೆ ಮುಖ ಕೊಟ್ಟು ನಿಂತರು. ಸೆಕ್ಯುರಿಟಿ ಕೆಲಸದವನೊಬ್ಬ, ನನ್ನನ್ನು ಟೆರರಿಸ್ಟ್ ಮಾಡಿ ಸಾರ್, ಮುಖವಾಡ ಸ್ವಲ್ಪ ಕೆಳಗಿಳಿಸಿ ಎಂದು ಗಂಟು ಬಿದ್ದ.

ಟು-ಲೆಟ್ ಬೋರ್ಡನ್ನು ಭಾಯ್ ಅಧ್ಯಾಯದ ಮೊದಲ ಚೌಕದಲ್ಲೇ ಇಟ್ಟರು. ಬೋರ್ಡಿನ ಮೇಲೆ ಒಬ್ಬ ಮನುಷ್ಯನ ನೆರಳು ಬಿದ್ದಿದೆ, ಅಷ್ಟೇ. ಬೂದಿ ದಳ ಅಲ್ಲಿಗೆ ಹೇಗೆ ಬಂತು ಎನ್ನುವುದಕ್ಕೆ ಸ್ಕ್ರಿಪ್ಟಿನಲ್ಲಿ ಉತ್ತರವೇ ಇರಲಿಲ್ಲ. ಬಾಡಿಗೆಗೆ ಬಂತು ಎಂದು ಚಿತ್ರ ಹೇಳಿತು.

ತಗಡಿನ ಪುಟ ಬಂದಾಗ ಭಾಯ್ ಪೆನ್ಸಿಲ್ ಕೆಳಗಿಟ್ಟು, ರೋಗದ ಕಾಲದಲ್ಲಿ ಇಲ್ಲಿಗೂ ತಗಡು ಹೊಡೆದಿದ್ದರೇ ಎಂದು ಕೇಳಿದರು. ಇಲ್ಲ, ಗೇಟಿಗೆ ಒಂದು ಕೆಂಪು ಪಟ್ಟಿ ಕಟ್ಟಿ ಚೀಟಿ ಅಂಟಿಸಿ ಹೋಗಿದ್ದರು ಎಂದೆ. ಅವರು ತಲೆಯಾಡಿಸಿದರು. ಆದರೂ ತಗಡನ್ನೇ ಬರೆದರು, ಈ ಸಲ ಒಳಗಿನಿಂದ. ಹೀರೋಗಳು ಕಾಣುವುದೇ ಇಲ್ಲ. ತಗಡಿನ ಮೊಳೆತೂತುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಒಳಗೆ ಬಿದ್ದಿದೆ, ಮುದುಕಿಯೊಬ್ಬಳು ಸಂದಿಯಲ್ಲಿ ಹಾಲಿನ ಪಾತ್ರೆ ಚಾಚಿ ನಿಂತಿದ್ದಾಳೆ. ಆ ಚುಕ್ಕಿಗಳಿಗಾಗಿ ನಾನು ಇಡೀ ನೆಲವನ್ನು ಕಪ್ಪು ತುಂಬಿ, ಒಂದೊಂದು ಬೆಳಕನ್ನೂ ಬಿಳಿ ಕಾಗದವಾಗಿಯೇ ಉಳಿಸಿಕೊಂಡೆ. ಬಿಳಿ ಶಾಯಿ ಇಟ್ಟಿದ್ದರೆ ಸುಲಭವಾಗುತ್ತಿತ್ತು, ಆದರೆ ಬೆಳಕು ಸಾಯುತ್ತಿತ್ತು. ಬ್ರಷ್ಷು ಒಂದು ಸಲ ಜಾರಿದರೂ ಪುಟ ಹಾಳು. ನನ್ನ ಕೆಲಸದಲ್ಲಿ ನಾನು ಮೆಚ್ಚುವ ಪುಟ ಅದೊಂದೇ.

ಇನ್ನು ಮಿಂಚುಳ್ಳಿಯ ಪಾಡು. ಅವಳ ಹಳೆಯ ಚಿತ್ರಗಳನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಹೊಸ ಹಾಳೆಗೆ ನಕಲು ಮಾಡಿಕೊಂಡರಾಯಿತು ಎಂದುಕೊಂಡಿದ್ದೆ. ಆದರೆ ಬೇರೆಯವರ ಕೈ ತಾಗಕೂಡದಲ್ಲ, ಕಲಾವಿದೆಯೇ ಬರಬೇಕಾಯಿತು. ಬಂದು ನಮ್ಮ ಮೆಟ್ಟಿಲು ನೋಡಿದವಳೇ ನಕ್ಕುಬಿಟ್ಟಳು. ಆ ರೆಕ್ಕೆ ಇಟ್ಟುಕೊಂಡು ಇದನ್ನು ಹತ್ತುವುದು ಸಾಧ್ಯವೇ ಇರಲಿಲ್ಲ. ಎಲ್ಲವನ್ನೂ ಹೊಸದಾಗಿ, ರೆಕ್ಕೆ ಮಡಿಸಿ ಪಕ್ಕಕ್ಕೆ ತಿರುಗಿದ ಹಾಗೆ ಬರೆದಳು. ಅಷ್ಟಕ್ಕೆ ಮುಗಿಯಲಿಲ್ಲ. ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ ಆಗಲೇಬೇಕು. ಮುಂದೆ ಯಾರು ಎಂದು ಎರಡೂ ಕಡೆಯ ಬೀಗರು ಫೋನಿನಲ್ಲಿ ಗುದ್ದಾಡಿದರು. ಕೊನೆಗೆ ಉಕ್ಕುರಾಯ ಕೆಳಗಿನಿಂದ ಹತ್ತುವುದು, ಮಿಂಚುಳ್ಳಿ ತಾರಸಿಯಿಂದ ಇಳಿಯುವುದು, ಇಬ್ಬರೂ ಖಾಲಿ ರೂಮಿನ ಬಾಗಿಲಲ್ಲಿ ಒಂದೇ ಮಟ್ಟಕ್ಕೆ ಬರುವುದು ಎಂದು ರಾಜಿಯಾಯಿತು. ಜಗಳದಿಂದ ಹುಟ್ಟಿದ ಆ ದೃಶ್ಯವನ್ನೇ ಆಮೇಲೆ ಓದುಗರು ಹೆಚ್ಚು ಮೆಚ್ಚಿದ್ದು.

ಶಾಯಿ ಒಣಗುವುದನ್ನು ಫ್ಯಾನಿನ ಕೆಳಗೆ ಕಾದು, ಪುಟಗಳನ್ನು ಹಲಸೂರಿಗೆ ಮುಟ್ಟಿಸಿದೆವು. ಸ್ಕ್ಯಾನ್ ಆಯಿತು, ಬಣ್ಣವಾಯಿತು, ಪ್ರೆಸ್ಸಿಗೆ ಕೊಟ್ಟ ಮಾತು ಉಳಿಯಿತು. ಕೊನೆಯ ಪುಟದಲ್ಲಿ ನಗರ ಮಾಮೂಲಿನಂತೆ ಎದ್ದೇಳುವ ಚಿತ್ರವಿತ್ತು. ಅಲ್ಲಿ ನಿಮ್ಮ ಅಂಗಡಿ ಬರೆಯಲೇ ಎಂದು ಭಾಯ್ ಚಾಚಾನನ್ನು ಕೇಳಿದರು. ಚಾಚಾ ಇಡೀ ಪುಟವನ್ನು ಒಮ್ಮೆ ಓದಿಸಿ ಕೇಳಿ, ಮೇಲಿನ ಮಹಡಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಪ್ಪಿದರು. ಈಗ ಆ ಪುಟ ಅವರ ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದೆ. ಮೆಟ್ಟಿಲು ಇಳಿಯುವಾಗ ಭಾಯ್‌ಗೆ ಮೊದಲಿನಂತೆ ಸಲಾಮು ಸಿಗುತ್ತದೆ.

ಓನರಮ್ಮ ಪುಸ್ತಕವನ್ನು ಟೀವಿಯ ಪಕ್ಕ ಇಟ್ಟರು. ತರಕಾರಿಯವನಿಗೆ, ಗ್ಯಾಸಿನವನಿಗೆ, ನೆಂಟರಿಗೆ, ಯಾರು ಬಂದರೂ ತೆಗೆದು ತೋರಿಸುವುದೇ ಕೆಲಸ. ಪುಸ್ತಕ ನೋಡಲು ಭಾಯ್‌ನನ್ನೂ ಊಟಕ್ಕೆ ಕರೆದರು. ಮುದ್ದೆ, ಹುರುಳಿಕಾಳಿನ ಸಾರು. ಸಾಕು ಎಂದರೂ ಬಿಡದೆ ಬಡಿಸಿದರು. ನಾವು ಕೈ ತೊಳೆಯುತ್ತಿದ್ದಾಗ ಬಾಗಿಲಿಗೆ ಒಬ್ಬ ಯುವಕ ಬಂದ. ರೂಮು ಖಾಲಿ ಇದೆಯಾ ಎಂದು ಕೇಳಿದ.

“ಯಾವ್ ಜನ ನೀವು?” ಎಂದರು ಓನರಮ್ಮ.

ಅವನು ಹೇಳಿದ. ಆಕೆಯ ಮುಖ ಅರಳಿತು. ಒಳಗೆ ಕರೆದು ಕೂರಿಸಿ ಪುಸ್ತಕ ಬಿಚ್ಚಿದರು. ಭಯೋತ್ಪಾದಕರು ಇದ್ದದ್ದು ಇದೇ ರೂಮಿನಲ್ಲಿ, ಸೀಸೆ ಇಟ್ಟದ್ದು ಈ ಮೂಲೆಯಲ್ಲಿ, ಮೀಸೆಯವನು ಒಳಗೆ ನುಗ್ಗಿದ್ದು ಈ ಬಾಗಿಲಿನಿಂದ ಎಂದು ಹೆಮ್ಮೆಯಿಂದ ವಿವರಿಸಿದರು. ಹುಡುಗ ಮೇಲೆ ಹೋಗಿ ಆ ಕಿಟಕಿಯ ಮುಂದೆ ಸೆಲ್ಫಿ ತೆಗೆದುಕೊಂಡು ಬಂದು, ರೂಮು ಹಿಡಿಸಿತು ಎಂದ. ವಠಾರವೆಲ್ಲ ನಕ್ಕಿತು. ಭಾಯ್ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನೂ ನಕ್ಕೆ.

ಆಮೇಲೆ ಅವರನ್ನು ಬಸ್ ಸ್ಟಾಪಿನವರೆಗೆ ಬಿಟ್ಟುಬರಲು ಹೊರಟೆ. ಗೇಟು ದಾಟುವಾಗ ಓನರಮ್ಮ ಟು-ಲೆಟ್ ಬೋರ್ಡನ್ನು ಬಿಚ್ಚಿಕೊಳ್ಳುತ್ತಿದ್ದರು. ಇನ್ನೊಂದು ಸಲ ಬನ್ನಿ ಆರ್ಟಿಸ್ಟ್ ಸಾರ್ ಎಂದರು. ಬರುತ್ತೇನಮ್ಮ ಎಂದರು ಭಾಯ್. ಹಳೆ ಮದ್ರಾಸ್ ರಸ್ತೆಯ ಗದ್ದಲಕ್ಕೆ ಬಂದು ನಿಂತ ಮೇಲೆ, ರಸ್ತೆಯ ಕಡೆ ನೋಡುತ್ತಲೇ ಕೇಳಿದರು.

“ಗುರು, ಆ ರೂಮು ನಾನು ಕೇಳಿದ್ರೆ ಕೊಡ್ತಿದ್ರಾ?”

ದನಿಯಲ್ಲಿ ಕೋಪವಿರಲಿಲ್ಲ. ಮೆಟ್ಟಿಲಿನ ಅಳತೆ ಕೇಳುವಾಗ ಇದ್ದ ದನಿಯೇ ಇತ್ತು. ನನಗೆ ನಾಚಿಕೆಯಾಯಿತು. ಓನರಮ್ಮನ ಗಂಜಿ, ಕಾಫಿ, ಈಗಷ್ಟೇ ಉಂಡ ಊಟ ಎಲ್ಲವೂ ನೆನಪಾಗಿ, ಬೇರೆ ಏನಾದರೂ ಹೇಳಲು ಸಾಧ್ಯವೇ ಎಂದು ಹುಡುಕಿದೆ.

“ಇಲ್ಲ ಭಾಯ್,” ಎಂದೆ.

ಅವರು ಹೂಂ ಎಂದು, ನನ್ನ ಹೆಗಲ ಮೇಲೊಮ್ಮೆ ಕೈ ಇಟ್ಟರು. “ಮೆಟ್ಲು ಮಾತ್ರ ಚೆನ್ನಾಗ್ ಬಂದಿದೆ,” ಎಂದರು. ಅಷ್ಟರಲ್ಲಿ ಶಿವಾಜಿನಗರದ ಬಸ್ಸು ಬಂತು, ಹತ್ತಿಕೊಂಡು ಹೋದರು.